ನಡುವಿನ ನಾಲ್ಕಡಿ ಪೈಪು

ಪೈಪಿನ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಹಾಗೆ ನಂಬುವುದಕ್ಕೆ ಕಾರಣವೂ ಇತ್ತು. ಕಂಪ್ಲಿಯಲ್ಲಿ ನನ್ನದು ಪೈಪಿನ ಅಂಗಡಿ. ಭತ್ತದ ಗದ್ದೆಯವರು, ಬಾಳೆ ತೋಟದವರು, ಹೊಸದಾಗಿ ಮನೆ ಕಟ್ಟಿಸುವವರು ಬಂದು ಎದುರಿನ ಬೆಂಚಿನ ಮೇಲೆ ಕೂತು, ಬೋರಿನ ಆಳ, ಮೋಟರಿನ ಶಕ್ತಿ, ಗದ್ದೆಯ ದೂರ ಎಲ್ಲವನ್ನೂ ಡಾಕ್ಟರಿಗೆ ಹೊಟ್ಟೆನೋವು ಹೇಳುವಷ್ಟು ವಿವರವಾಗಿ ಹೇಳುತ್ತಾರೆ. ನಾನು ಒಂದು ಕ್ಷಣ ಕಣ್ಣು ಮುಚ್ಚುತ್ತೇನೆ. ಯೋಚಿಸುವ ಅಗತ್ಯವೇನೂ ಇರುವುದಿಲ್ಲ, ಆದರೆ ಥಟ್ಟನೆ ಉತ್ತರ ಹೇಳಿದರೆ ಗಿರಾಕಿಗೆ ಸಮಾಧಾನವಾಗುವುದಿಲ್ಲ. ಆಮೇಲೆ ಕಣ್ಣು ತೆರೆದು "ಎರಡೂವರಿ ಇಂಚ್ ಒಯ್ರಿ" ಎನ್ನುತ್ತೇನೆ. ಅವರು ಒಯ್ಯುತ್ತಾರೆ. ನೀರು ಬರುತ್ತದೆ. ಅಂಥ ನನ್ನನ್ನು ನನ್ನದೇ ಕಾರಿನ ಹೊಟ್ಟೆಯಡಿಯ ನಾಲ್ಕಡಿ ಪೈಪೊಂದು ಒಂದು ವಾರ ಆಟ ಆಡಿಸಿತು ಎಂದರೆ ನನ್ನ ಗಿರಾಕಿಗಳು ನಂಬುವುದಿಲ್ಲ. ಅವರಿಗೆ ಗೊತ್ತಾಗುವುದೂ ಬೇಡ. ಅದಕ್ಕೇ ಅಂಗಡಿಯಲ್ಲಿ ಬಾಯಿ ಬಿಡದೆ ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ.

ನನ್ನ ಮನೆ ಇರುವುದು ಮಲಪನಗುಡಿಯಲ್ಲಿ. ದಿನಾ ಬೆಳಿಗ್ಗೆ ಕಂಪ್ಲಿಗೆ ಹೋಗಿ ಸಂಜೆ ವಾಪಸು ಬರುವುದು ಈ ಕಾರಿನಲ್ಲೇ. ಹೊಸಪೇಟೆಯಲ್ಲಿ ಇದನ್ನು ಕೊಂಡಾಗ ಇದಕ್ಕೂ ನನಗೂ ಒಳ್ಳೆಯ ವಯಸ್ಸು. ಈಗ ಇಬ್ಬರಲ್ಲೂ ಸವೆಯದೆ ಉಳಿದದ್ದು ಕಡಿಮೆ. ಬಾಗಿಲಿನ ಹಿಡಿಕೆ ಸವೆದಿದೆ, ಸೀಟು ಕುಸಿದಿದೆ, ಎಡಗಡೆಯ ಗಾಜು ಇಳಿದರೆ ಏರುವುದಿಲ್ಲ. ಕಾರಿನಲ್ಲಿ ಯಾವತ್ತೂ ಕೈ ಕೊಡದ ವಸ್ತು ಒಂದೇ: ಗೇರಿನ ಪಕ್ಕದಲ್ಲಿಟ್ಟ ಸೋಂಪಿನ ಸ್ಟೀಲ್ ಡಬ್ಬಿ. ಕಂಪ್ಲಿಯಿಂದ ಹೊರಟಾಗ ಬಾಯಿಗೆ ಹಾಕಿಕೊಂಡರೆ ಊರು ಮುಟ್ಟುವವರೆಗೆ ಜಗಿಯುತ್ತೇನೆ. ಅದೊಂದು ಬಿಟ್ಟರೆ ಉಳಿದದ್ದೆಲ್ಲ ಸದ್ದು ಮಾಡುತ್ತಿತ್ತು. ಹಿಂದಿನ ಸೈಲೆನ್ಸರಂತೂ ವರ್ಷದಿಂದ ತುಕ್ಕು ಹಿಡಿದು ಗಡಗಡ ಎನ್ನುತ್ತಿತ್ತು. ಒಂದು ದಿನ ಬುಕ್ಕಸಾಗರದ ಹತ್ತಿರ ಕಾಲುವೆಯ ಸೇತುವೆ ದಾಟುವಾಗ ಅದು ಕಳಚಿ ರಸ್ತೆಗೆ ಬಿತ್ತು. ಹಿಂದೆ ಬರುತ್ತಿದ್ದ ಟ್ರ್ಯಾಕ್ಟರಿನವನು ಅದನ್ನು ಎತ್ತಿ ಟವೆಲಿನಲ್ಲಿ ಹಿಡಿದು ತಂದುಕೊಟ್ಟು, "ಸಾವ್ಕಾರ್ರ, ನಿಮ್ದೊಂದ್ ಪೈಪ್ ಬಿದ್ದಿತ್ತು" ಎಂದ. ಪೈಪಿನ ಅಂಗಡಿಯವನಿಗೆ ಅದಕ್ಕಿಂತ ಅವಮಾನದ ಮಾತು ಬೇರೊಂದಿಲ್ಲ.

ಸುದ್ದಿ ನನ್ನ ಹೆಂಡತಿ ಅನ್ನಪೂರ್ಣಳ ಮೂಲಕ ಅವಳ ತವರು ಸಂಡೂರಿಗೆ ಹೋಯಿತು. ಅವಳ ತಮ್ಮ ಮಂಜುನಾಥ ಅಲ್ಲಿ ಗಣಿ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಕಾರಿನ ಹುಚ್ಚು ವಿಪರೀತ. ಕಂಪನಿಯವರು ಹಾಕಿಕೊಟ್ಟ ಭಾಗಗಳೆಲ್ಲ ಅವನ ದೃಷ್ಟಿಯಲ್ಲಿ ತಾತ್ಕಾಲಿಕ ಏರ್ಪಾಡು. ಬಿಚ್ಚಿ ಬೇರೆಯದನ್ನು ಹಾಕುವವರೆಗೆ ಅವನಿಗೆ ನಿದ್ದೆ ಬರುವುದಿಲ್ಲ. ಅವನ ಹಳೆಯ ಕಾರಿಗೆ ಹೊರಗಿನಿಂದ ತರಿಸಿ ಹಾಕಿದ್ದ ಒಂದು ಸೈಲೆನ್ಸರನ್ನು ಕಾರು ಮಾರುವಾಗ ಬಿಚ್ಚಿಟ್ಟುಕೊಂಡಿದ್ದನಂತೆ. ಭಾನುವಾರ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ತಂದ. "ಮಾಮಾ, ಇದನ್ನ ಹಾಕಿಸಿ ನೋಡ್ರಿ, ಗಾಡಿ ಮಸ್ತ್ ಆಗತೈತಿ" ಎಂದ. ಬಿಚ್ಚಿ ನೋಡಿದರೆ ಕನ್ನಡಿಯಂತೆ ಹೊಳೆಯುವ, ಅಂಗೈಯಗಲ ಬಾಯಿಯ ವಸ್ತು. ನನ್ನ ಕಾರಿಗೆ ಅದು ತೀರಾ ಹೆಚ್ಚಾಯಿತು ಎಂದು ನನಗೆ ಆಗಲೇ ಅನ್ನಿಸಿತ್ತು. ಆದರೆ ಬೇಡ ಎನ್ನುವಷ್ಟರಲ್ಲಿ ಅನ್ನಪೂರ್ಣ ಅದಕ್ಕೆ ವಿಭೂತಿ ಬಳಿದು, ಕುಂಕುಮ ಇಟ್ಟು, ಒಂದು ಚೆಂಡುಹೂವು ಸಿಕ್ಕಿಸಿಬಿಟ್ಟಿದ್ದಳು. ತವರಿನಿಂದ ಬಂದ ಸೀರೆಯನ್ನಾದರೂ ಕಪಾಟಿನಲ್ಲಿಡಬಹುದು. ತವರಿನಿಂದ ಬಂದ, ಪೂಜೆಯಾದ ಸೈಲೆನ್ಸರನ್ನು ಕಾರಿಗೆ ಹಾಕಿಸದೆ ಗಂಡಸು ಎಲ್ಲಿ ತಲೆ ಎತ್ತಿ ಓಡಾಡಬೇಕು?

ಮರುದಿನ ಹೊಸಪೇಟೆಗೆ ಹೋದೆ. ಮರಿಯಮ್ಮನಹಳ್ಳಿ ಕಡೆಯ ರಸ್ತೆಯಲ್ಲಿ ಲಾರಿಗಳು ಸಾಲಾಗಿ ನಿಲ್ಲುವ ಕಡೆ ಮೌಲಾಸಾಬರ ವೆಲ್ಡಿಂಗ್ ಶೆಡ್ ಇದೆ. ಆ ಕಡೆಯ ಅದಿರು ಲಾರಿಗಳ ಸೈಲೆನ್ಸರುಗಳೆಲ್ಲ ಅವರ ಕೈಯಲ್ಲಿ ಒಮ್ಮೆಯಾದರೂ ದುರಸ್ತಿಯಾದವು. ಹಾಗೆ ಊರಿನ ಸದ್ದನ್ನೆಲ್ಲ ಅಡಗಿಸುವ ಅವರು ಮಾತ್ರ ಸೈಲೆನ್ಸರೇ ಇಲ್ಲದ ಒಂದು ಮೊಪೆಡ್ಡಿನಲ್ಲಿ ಓಡಾಡುತ್ತಾರೆ. ಅವರು ಮನೆಗೆ ಹೊರಟರೆ ಇಡೀ ರಸ್ತೆಗೆ ಗೊತ್ತಾಗುತ್ತದೆ. ಕೆಲಸದ ಒತ್ತಡದಲ್ಲಿ ಸ್ವಂತದ್ದಕ್ಕೆ ಪುರುಸೊತ್ತಾಗಿಲ್ಲವೇನೋ ಎಂದುಕೊಂಡಿದ್ದೆ. ಕಾರಿನಡಿ ನುಸುಳಿ ನೋಡಿ ಹೊರಬಂದ ಸಾಬರು ಕೈ ಒರೆಸಿಕೊಂಡು ಹೇಳಿದರು: "ಮುಂದಿಂದು ಕಂಪನಿದು. ಹಿಂದಿಂದು ನಿಮ್ಮ ಹೆಂಡ್ತಿ ತವರಮನಿದು. ಒಂದರ ಮಾರಿ ಒಂದು ನೋಡಿಲ್ರಿ. ನಡುವ ಏನ್ ಹಾಕ್ಲಿ, ಅದನ್ನ ಹೇಳ್ರಿ."

ನಡುವೆ ಒಂದು ಪೈಪು ಇರುತ್ತದೆ ಎಂದು ನನಗೆ ತಿಳಿದದ್ದೇ ಆಗ. ಇಂಜಿನ್ನಿನ ಹೊಗೆ ಮುಂದಿನಿಂದ ಹೊರಟು ಹಿಂದಿನ ಸೈಲೆನ್ಸರನ್ನು ಸೇರಬೇಕಾದರೆ ಈ ನಡುವಿನ ಪೈಪನ್ನು ಹಾದೇ ಹೋಗಬೇಕು. ಮಿಡ್-ಪೈಪ್ ಎನ್ನುತ್ತಾರೆ. ನನ್ನ ಹೊಸ ಸೈಲೆನ್ಸರಿಗೆ ಹಳೆಯದು ಕೂರುವುದಿಲ್ಲ, ಬೇರೆಯದನ್ನೇ ಆರಿಸಬೇಕು ಎಂದರು. ನನಗೆ ಅದರ ಮೇಲೆ ಒಮ್ಮೆಲೇ ಅಂತಃಕರಣ ಉಕ್ಕಿತು. ನಾವು ಮೂವರು ಅಣ್ಣತಮ್ಮಂದಿರಲ್ಲಿ ನಾನೇ ನಡುವಿನವನು. ಹಬ್ಬದಲ್ಲಿ ಹೊಸ ಅಂಗಿ ಅಣ್ಣನಿಗೆ, ಮುದ್ದು ತಮ್ಮನಿಗೆ; ಅಣ್ಣನ ಹಳೆಯ ಅಂಗಿ ತೊಟ್ಟು ತಮ್ಮನನ್ನು ಎತ್ತಿಕೊಂಡು ತಿರುಗುವುದು ನನಗೆ. ಮುಂದಿನದನ್ನೂ ಹಿಂದಿನದನ್ನೂ ಹಿಡಿದುಕೊಂಡು ಯಾರ ಕಣ್ಣಿಗೂ ಬೀಳದೆ ಬಿಸಿಯಾಗುತ್ತಿರುವ ಈ ಪೈಪಿಗಾದರೂ ನ್ಯಾಯ ಸಿಗಲಿ, ಇದನ್ನು ನಾನೇ ಖುದ್ದಾಗಿ ಆರಿಸುತ್ತೇನೆ ಎಂದು ಅಲ್ಲೇ ತೀರ್ಮಾನಿಸಿದೆ.

"ಮೂರ್ ನಮೂನಿ ಅದಾವ್ರಿ" ಎಂದರು ಸಾಬರು. "ಸೀದಾ ಪೈಪ್ ಹಾಕಿದ್ರ ಸಪ್ಪಳ ಭಾಳ. ನಡುವ ದೊಡ್ಡ ಡಬ್ಬಿ ಇರೋದ್ ಹಾಕಿದ್ರ ಸಪ್ಪಳನ ಇಲ್ಲ. ಸಣ್ಣ ಡಬ್ಬಿದು ಹಾಕಿದ್ರ ಅಷ್ಟೂ ಅಲ್ಲ, ಇಷ್ಟೂ ಅಲ್ಲ. ನನ್ನ ಕೇಳಿದ್ರ ಎರಡ್ ಇಂಚಿಂದು, ಸಣ್ಣ ಡಬ್ಬಿದು ಹಾಕ್ರಿ."

ನಾನು ಅಭ್ಯಾಸದಂತೆ ಕಣ್ಣು ಮುಚ್ಚಿ ತೆರೆದೆ. "ಸಾಬ್ರ, ಪೈಪಿನ ವಿಷ್ಯ ನನಗ ಹೇಳಬ್ಯಾಡ್ರಿ. ನಡುವ ಡಬ್ಬಿ ಕುಂದ್ರಿಸಿದ್ರ ಹರಿಯೋದಕ್ಕ ತಡಿ ಆಗತೈತಿ. ಎರಡೂವರಿ ಇಂಚ್, ಸೀದಾ ಪೈಪ್, ಒಂದ ಬೆಂಡ್. ಹಾಕ್ರಿ."

"ಇದು ನೀರಲ್ರಿ ಸಾವ್ಕಾರ್ರ, ಹೊಗಿ."

"ಹರಿಯೋದೆಲ್ಲಾ ಒಂದ ಬಿಡ್ರಿ."

ಸಾಬರು ಸ್ಪ್ಯಾನರ್ ಕೈಗೆತ್ತಿಕೊಂಡರು. ತಿಳಿದವರ ಜೊತೆ ವಾದ ಮಾಡಬಹುದು, ತಿಳಿದಿದ್ದೇನೆ ಎನ್ನುವವರ ಜೊತೆ ಮಾಡಬಾರದು ಎಂಬ ಅನುಭವ ಅವರಿಗಿತ್ತು. ನಾನು ಹೇಳಿದ್ದನ್ನೇ ಹಾಕಿಕೊಟ್ಟರು. ಚಾವಿ ತಿರುಗಿಸಿದೆ. ಮುಂದಿನ ಲಾರಿಯ ನೆರಳಿನಲ್ಲಿ ಮಲಗಿದ್ದ ಕ್ಲೀನರ್ ಎದ್ದು ಕೂತ. ಭತ್ತ ಒಕ್ಕುವ ಯಂತ್ರವೊಂದು ಸಿಟ್ಟಾದರೆ ಹೇಗೋ ಹಾಗಿತ್ತು ಸದ್ದು. ನಾನು ಮಾತ್ರ ಹೆಮ್ಮೆಯಿಂದಲೇ ಕಂಪ್ಲಿಗೆ ಹೋಗಿ, ಅಂಗಡಿ ಮುಗಿಸಿ ಸಂಜೆ ಮನೆಗೆ ಬಂದೆ. ಅನ್ನಪೂರ್ಣ ಬೈಯುತ್ತಾಳೆ, ಅವ್ವ ಕಿವಿ ಮುಚ್ಚಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಇಬ್ಬರೂ ಬಾಗಿಲಲ್ಲಿ ನಗುನಗುತ್ತಾ ನಿಂತಿದ್ದರು. "ಮಸ್ತ್ ಐತ್ರಿ!" ಎಂದಳು ಹೆಂಡತಿ. "ಕಮಲಾಪುರ ದಾಟೀರಿ ಅನ್ನೂದ್ರಾಗ ಗೊತ್ತಾತು ನಮಗ." ಎಂಬತ್ತು ದಾಟಿದ ಅವ್ವ ನನ್ನ ತಲೆ ಸವರಿ, "ತಗೀಬ್ಯಾಡ ನೋಡಪ್ಪಾ, ಹಿಂಗ ಇರ್ಲಿ. ನೀ ಬರೂದು ಕಿವಿಗೆ ಬಿದ್ರ ಜೀವಕ್ಕ ಸಮಾಧಾನ" ಎಂದಳು. ನನ್ನ ಕಣ್ಣು ಒದ್ದೆಯಾಯಿತು. ಇವರೆಲ್ಲ ನನ್ನ ದಾರಿಯನ್ನು ಇಷ್ಟು ಕಾಯುತ್ತಾರೆಂದು ನನಗೆ ತಿಳಿದೇ ಇರಲಿಲ್ಲ.

ಇಲ್ಲಿ ನಮ್ಮ ಮನೆಯ ಊಟದ ಬಗ್ಗೆ ಒಂದು ಮಾತು ಹೇಳಬೇಕು. ಎರಡು ವರ್ಷದ ಹಿಂದೆ ಡಾಕ್ಟರು ನನ್ನ ರಕ್ತ ಪರೀಕ್ಷೆಯ ಚೀಟಿ ನೋಡಿ, ಕರಿದ ತಿಂಡಿ ಬಿಡಬೇಕು ಎಂದರು. ಅವರು ಹೇಳಿದ್ದು ನನಗೊಬ್ಬನಿಗೆ. ಆದರೆ ನಾನು ಬಿಟ್ಟು ಉಳಿದವರು ತಿನ್ನುವುದೆಂದರೆ ನೋಡುತ್ತಾ ಕೂರುವವನ ಗತಿಯೇನು? ಮನೆಯವರ ಆರೋಗ್ಯದ ಹೆಸರಿನಲ್ಲಿ ಬಾಣಲಿಯನ್ನು ಅಟ್ಟಕ್ಕೆ ಏರಿಸಿದೆ. ಮಂಡಕ್ಕಿ ಒಗ್ಗರಣೆ ಇದ್ದ ಕಡೆ ಮಿರ್ಚಿ ಬಜ್ಜಿ ಇರಬೇಕು ಎನ್ನುವ ಸೀಮೆ ನಮ್ಮದು. ಸಂಜೆ ಬಿಸಿ ಮಿರ್ಚಿ ಕಚ್ಚಿ, ಖಾರಕ್ಕೆ ಹಾ ಹಾ ಎನ್ನದೆ ದಿನ ಮುಗಿಯುವುದಿಲ್ಲ. ಅಂಥ ಮನೆಯಲ್ಲಿ ಕಾನೂನು ತರಬೇಕಾದರೆ ತಿಳಿವಳಿಕೆ ಕೊಡಬೇಕಲ್ಲ. ಒಳಗೆಲ್ಲ ಸುಣ್ಣ ಕಟ್ಟಿದ ಹಳೆಯ ಕಬ್ಬಿಣದ ಪೈಪಿನ ಒಂದು ತುಂಡನ್ನು ಅಂಗಡಿಯಿಂದ ತಂದೆ. ಮನುಷ್ಯನ ರಕ್ತನಾಳವೂ ಹೀಗೆಯೇ, ಒಂದೊಂದು ಮಿರ್ಚಿಗೆ ಒಂದೊಂದು ಪದರ ಎಂದು ಹೆಂಡತಿಗೂ ತಾಯಿಗೂ ಉಪನ್ಯಾಸ ಕೊಟ್ಟೆ. ಒಮ್ಮೆಯಲ್ಲ, ವಾರಕ್ಕೊಮ್ಮೆ. ಆ ತುಂಡು ಇವತ್ತಿಗೂ ಪಡಸಾಲೆಯ ಗೋಡೆಯ ಮಾಡದಲ್ಲಿ ಇದೆ. ಅವರು ತುಟಿ ಪಿಟಕ್ಕೆನ್ನದೆ ಒಪ್ಪಿದರು. ನಾನು ಮನೆಗೆ ಬರುವ ಹೊತ್ತಿಗೆ ಸೌತೆಕಾಯಿ ಹೆಚ್ಚಿಟ್ಟು, ಮಜ್ಜಿಗೆ ಬೆರೆಸಿಟ್ಟು, ಮುಖ ಗಂಭೀರ ಮಾಡಿಕೊಂಡು ಕೂತಿರುತ್ತಿದ್ದರು. ನನ್ನ ಶಿಸ್ತಿನ ಬಗ್ಗೆ ನನಗೇ ಗೌರವ ಬಂದಿತ್ತು.

ಎರಡೂವರೆ ಇಂಚಿನ ಸಂಗತಿಗೆ ಬರೋಣ. ವಾರ ಕಳೆಯುವುದರೊಳಗೆ ಅದು ನನ್ನ ಮಾನ ಕಳೆಯಿತು. ಬುಕ್ಕಸಾಗರದ ಹತ್ತಿರ ನನ್ನ ಸದ್ದಿಗೆ ಬೆದರಿದ ಎಮ್ಮೆಗಳು ನಾಟಿ ಮಾಡಿದ ಗದ್ದೆಗೆ ನುಗ್ಗಿದವು. ಗದ್ದೆಯೂ ನನ್ನ ಗಿರಾಕಿಯದು, ಎಮ್ಮೆಯೂ ಇನ್ನೊಬ್ಬ ಗಿರಾಕಿಯದು. ಇಬ್ಬರ ಮುಂದೂ ಕೈ ಮುಗಿದೆ. ಅದಕ್ಕಿಂತ ಹೆಚ್ಚಾಗಿ, ಏರಿನಲ್ಲಿ ಕಾರು ಮೊದಲಿನ ಹಾಗೆ ಎಳೆಯುತ್ತಲೇ ಇರಲಿಲ್ಲ. ಸದ್ದು ನೋಡಿದರೆ ಬೆಟ್ಟ ಹತ್ತುವಂಥದ್ದು, ನಡಿಗೆ ನೋಡಿದರೆ ಬಾಡಿಗೆ ಸೈಕಲ್ಲಿನದು. ಕೊನೆಗೆ ಶುಕ್ರವಾರ ಮಧ್ಯಾಹ್ನವೇ ಅಂಗಡಿ ಬಿಟ್ಟು ಸಾಬರ ಶೆಡ್ಡಿಗೆ ಹೋಗಿ, ತಗ್ಗಿದ ದನಿಯಲ್ಲಿ ವಿಷಯ ಹೇಳಿದೆ. ಅವರು ನಗಲಿಲ್ಲ, ಅದು ಅವರ ದೊಡ್ಡತನ. "ಪೈಪ್ ಭಾಳ ದೊಡ್ಡದಾದ್ರ ಹೊಗಿ ಒಳಗ ಮಲಕ್ಕೊಂಬಿಡತೈತ್ರಿ" ಎಂದಷ್ಟೇ ಹೇಳಿದರು. ಈಗಲಾದರೂ ಅವರ ಸಣ್ಣ ಡಬ್ಬಿಯ ಮಾತು ಕೇಳಬೇಕಿತ್ತು. ಆದರೆ ತಪ್ಪು ಒಪ್ಪಿಕೊಳ್ಳುವಾಗಲೂ ನನಗೆ ಒಂದು ಹೆಜ್ಜೆ ಮುಂದೆ ಹೋಗಿಯೇ ಒಪ್ಪಿಕೊಳ್ಳಬೇಕು. "ಹಂಗಾದ್ರ ದೊಡ್ಡ ಡಬ್ಬಿದ ಹಾಕ್ರಿ, ಸಪ್ಪಳನ ಬ್ಯಾಡ" ಎಂದೆ. ಹಾಕಿದರು. ಚಾವಿ ತಿರುಗಿಸಿ, ಇಂಜಿನ್ ಶುರುವಾಗಿದೆಯೋ ಇಲ್ಲವೋ ಎಂದು ತಿಳಿಯದೆ ಮತ್ತೊಮ್ಮೆ ತಿರುಗಿಸಿದೆ. ಅಷ್ಟು ಮೌನ. ಅದೇ ಕಾರು, ಅದೇ ಕುಸಿದ ಸೀಟು, ಆದರೆ ಗೇರಿನ ಪಕ್ಕದ ಡಬ್ಬಿಯಲ್ಲಿ ಸೋಂಪು ಅಲುಗುವ ಸದ್ದು ಕೇಳುತ್ತಿತ್ತು.

ಮನೆಯವರನ್ನು ಬೆರಗುಗೊಳಿಸೋಣ ಎಂದು ಫೋನ್ ಮಾಡದೆ ಹೊರಟೆ. ಐದೂವರೆ ಇರಬಹುದು. ಊರ ಹೊರಗಿನ ಹಳೆಯ ಬಾವಿಯ ತಿರುವು ದಾಟಿ, ಓಣಿಯಲ್ಲಿ ನಿಧಾನಕ್ಕೆ ಬಂದು ಮನೆಯ ಮುಂದೆ ನಿಲ್ಲಿಸಿದೆ. ಯಾರೂ ಹೊರಬರಲಿಲ್ಲ. ಮೆಟ್ಟಿಲು ಹತ್ತುವಾಗ ಮೂಗಿಗೆ ಬಂದ ವಾಸನೆ ನನ್ನನ್ನು ಅಲ್ಲೇ ಹಿಡಿದು ನಿಲ್ಲಿಸಿತು. ಕಡಲೆಹಿಟ್ಟು, ಓಂಕಾಳು, ಹಸಿಮೆಣಸಿನಕಾಯಿ, ಕಾದ ಎಣ್ಣೆ. ಕಿಟಕಿಯ ಪಕ್ಕಕ್ಕೆ ಸರಿದು ಇಣುಕಿದೆ. ಅಟ್ಟದ ಬಾಣಲಿ ಒಲೆಯ ಮೇಲಿತ್ತು. ಅವ್ವನ ಮುಂದೆ ತಟ್ಟೆಯಲ್ಲಿ ಮಂಡಕ್ಕಿ, ಅದರ ಮೇಲೆ ಮೂರು ಮಿರ್ಚಿ. ಅನ್ನಪೂರ್ಣ ನನ್ನ ಹಳೆಯ ಕನ್ನಡಕವನ್ನು ಮೂಗಿಗೇರಿಸಿಕೊಂಡು, ಮಾಡದಲ್ಲಿದ್ದ ನನ್ನ ಪೈಪಿನ ತುಂಡನ್ನು ಕೈಯಲ್ಲಿ ಹಿಡಿದು ನಿಂತಿದ್ದಳು.

"ನೋಡ್ರಿಲ್ಲಿ! ಇದು ನಿಮ್ಮ ರಕ್ತನಾಳ. ಒಳಗ ಬೆಳ್ಳಗ ಕಾಣೂದು ನೀವು ನಿನ್ನಿ ತಿಂದ ಮಿರ್ಚಿ. ಒಂದ್ ಮಿರ್ಚಿ, ಒಂದ್ ಪದರ! ಹತ್ತ್ ಮಿರ್ಚಿ, ಲೈನ್ ಬಂದ್!"

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. "ಕಣ್ ಮುಚ್ಚೂದ್ ಮರ್ತೆವ್ವಾ ನೀನು. ಅವ ಮೊದ್ಲ ಕಣ್ ಮುಚ್ಚತಾನ."

ಅನ್ನಪೂರ್ಣ ಕಣ್ಣು ಮುಚ್ಚಿ, ಕೆನ್ನೆ ಉಬ್ಬಿಸಿ, ತೆರೆದು "ಎರಡೂವರಿ ಇಂಚ್ ಒಯ್ರಿ" ಎಂದಳು. ಅವ್ವ ನಕ್ಕು ನಕ್ಕು ಕೆಮ್ಮಿದಳು. ಕೆಮ್ಮು ನಿಂತ ಮೇಲೆ, "ಲೇ, ಗಾಡಿ ಸಪ್ಪಳ ಬಂತೇನ್ ನೋಡು" ಎಂದಳು.

"ಇನ್ನಾ ಎಲ್ಲೈತ್ರಿ ಅತ್ತಿ! ಈಗಿನ ಸಪ್ಪಳಕ್ಕ ಕಮಲಾಪುರದಾಗ ಇದ್ದಾಗ ಗೊತ್ತಾಗತೈತಿ. ಮೊದ್ಲಾದ್ರ ಬಾವಿ ತಿರುವಿನಿಂದ ನಾಕ ನಿಮಿಷ. ಬಾಣಲಿ ಮುಚ್ಚೂದು, ತಾಟ್ ತೊಳಿಯೂದು, ಊದಿನಕಡ್ಡಿ ಹಚ್ಚೂದು, ಎಷ್ಟ್ ಓಡಾಡ್ತಿದ್ವಿ. ಈಗ ಆರಾಮ ತಿನ್ರಿ."

ನನಗೆ ಬಂದದ್ದು ಮೊದಲು ಸಿಟ್ಟೇ. ಒಳಗೆ ನುಗ್ಗಿ ಆ ಪೈಪಿನ ತುಂಡನ್ನು ಕಸಿದುಕೊಂಡು ಮೂರು ತಾಸು ಉಪನ್ಯಾಸ ಕೊಡಬೇಕೆನಿಸಿತು. ಸಂಜೆ ಸಂಜೆ ಊದಿನಕಡ್ಡಿ ಹಚ್ಚುವ ಇವರ ದೈವಭಕ್ತಿಯನ್ನು ನಾನು ನಾಲ್ಕು ಜನರ ಮುಂದೆ ಹೊಗಳಿದ್ದೆ. ನೀ ಬರುವುದು ಕಿವಿಗೆ ಬಿದ್ದರೆ ಸಮಾಧಾನ ಎಂದ ಅವ್ವನ ಮಾತಿಗೆ ಕಣ್ಣು ಒದ್ದೆ ಮಾಡಿಕೊಂಡಿದ್ದೆ! ಚಪ್ಪಲಿ ಬಿಡಲು ಕಾಲು ಎತ್ತಿದೆ. ಅಷ್ಟರಲ್ಲಿ ಅವ್ವ ಇನ್ನೊಮ್ಮೆ ನಕ್ಕಳು. ಆ ನಗುವನ್ನು ನಾನು ಕೇಳಿ ಎಷ್ಟು ವರ್ಷವಾಗಿತ್ತೋ. ನನ್ನ ಮುಂದೆ ಅವಳು ಮಾತ್ರೆ ನುಂಗುವ, ಮಜ್ಜಿಗೆ ಕುಡಿಯುವ, ಹೂಂ ಎನ್ನುವ ಮುದುಕಿ. ಅಲ್ಲಿ ಕೂತಿದ್ದವಳು ಬೇರೆ ಯಾರೋ. ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚಾಯಿತು. ನಾನೂ ಒಳಗೆ ಹೋಗಿ ನಗಬಹುದಿತ್ತಲ್ಲ ಎನ್ನಿಸಿತು. ಆದರೆ ನಾನು ಒಳಗೆ ಕಾಲಿಟ್ಟ ಕ್ಷಣ ಆ ನಗು ಇರುವುದಿಲ್ಲ, ನಾಳೆಯೂ ಇರುವುದಿಲ್ಲ. ಅದು ನನಗೆ ಸ್ಪಷ್ಟವಾಗಿ ಗೊತ್ತಾಯಿತು.

ಚಪ್ಪಲಿ ಸದ್ದಾಗದಂತೆ ಮೆಟ್ಟಿಲಿಳಿದೆ. ಸ್ವಂತ ಮನೆಯಿಂದ ಕಳ್ಳನ ಹಾಗೆ ಹೊರಬಿದ್ದು, ಕಾರನ್ನು ಹಿಂದಕ್ಕೆ ಬಿಟ್ಟುಕೊಂಡು, ಬಾವಿಯ ತಿರುವಿಗೆ ಹೋಗಿ ನಿಲ್ಲಿಸಿದೆ. ಅಲ್ಲಿಂದ ಹಾರ್ನ್ ಹೊಡೆಯುತ್ತಾ ಮತ್ತೆ ಊರಿಗೆ ಬಂದೆ. ಒಳಗೆ ಕಾಲಿಟ್ಟಾಗ ಊದಿನಕಡ್ಡಿ ಹೊಗೆಯಾಡುತ್ತಿತ್ತು, ಸೌತೆಕಾಯಿ ಸಿದ್ಧವಿತ್ತು, ಪೈಪಿನ ತುಂಡು ಮಾಡದಲ್ಲಿತ್ತು. ಅನ್ನಪೂರ್ಣಳ ಹಣೆಯಲ್ಲಿ ಮಾತ್ರ ಬೆವರು. "ಯಾಕ್ರಿ, ಇವತ್ತ್ ಗಾಡಿ ಸಪ್ಪಳನ ಬರ್ಲಿಲ್ಲ? ಬರೇ ಹಾರ್ನ್ ಬಂತು?" ಎಂದಳು. "ಎಮ್ಮಿ ಅಡ್ಡ ಬಂದಿದ್ವು" ಎಂದೆ. ಅವ್ವನ ಗಲ್ಲದ ಮೇಲೆ ಕಡಲೆಹಿಟ್ಟಿನ ಒಂದು ಚೂರು ಅಂಟಿತ್ತು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತೆ.

ಮರುದಿನ ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ಸಾಬರ ಶೆಡ್ಡು. ನನ್ನನ್ನು ಕಂಡ ಕೂಡಲೇ ಅವರು ಸ್ಪ್ಯಾನರ್ ಕೆಳಗಿಟ್ಟು, "ಈಗೇನ್ರಿ?" ಎಂದರು.

"ಸಪ್ಪಳ ಬೇಕ್ರಿ ಸಾಬ್ರ. ಭಾಳ ಬ್ಯಾಡ."

"ಎಷ್ಟ್ ದೂರ ಕೇಳಬೇಕ್ರಿ?"

"ನಾಕ ನಿಮಿಷ."

"ದೂರ ಕೇಳಿದ್ರ ನಿಮಿಷ ಹೇಳ್ತೀರಲ್ರಿ!" ಎಂದವರು, ನನ್ನ ಮುಖವನ್ನು ಒಮ್ಮೆ ನೋಡಿದರು. ಮೂಲೆಯಲ್ಲಿ ಬಿದ್ದಿದ್ದ ಎರಡು ಇಂಚಿನ, ಸಣ್ಣ ಡಬ್ಬಿಯ ಪೈಪನ್ನು ಎಳೆದು ತಂದರು. ಮೊದಲನೆಯ ದಿನ ಅವರು ಹಾಕಲು ಹೊರಟಿದ್ದು ಅದನ್ನೇ. ಕಾರಿನಡಿಯಿಂದ ಅವರ ದನಿ ಬಂತು: "ಎಲ್ಲಾರೂ ತಮ್ಮ ಕಿವಿಗೆ ಚಲೋ ಕೇಳೂ ಪೈಪ್ ಆರಿಸ್ತಾರ್ರಿ. ಮನ್ಯಾಗ ಕುಂತವ್ರ ಕಿವಿ ಲೆಕ್ಕಕ್ಕಿಲ್ಲ. ನಮ್ಮನ್ಯಾಗ ಐದ ನಿಮಿಷ ಬೇಕ್ರಿ. ಅದಕ್ಕ ನಾ ನನ್ನ ಗಾಡಿಗೆ ಸೈಲೆನ್ಸರ ಹಾಕಿಲ್ಲ." ಅವರ ಮನೆಯಲ್ಲಿ ಆ ಐದು ನಿಮಿಷ ಯಾತಕ್ಕೆ ಬೇಕು ಎಂದು ನಾನು ಕೇಳಲಿಲ್ಲ. ಅವರೂ ನನ್ನನ್ನು ಕೇಳಿರಲಿಲ್ಲವಲ್ಲ.

ಹೊಸ ಪೈಪು ಬಂದು ತಿಂಗಳಾಯಿತು. ಬಾವಿಯ ತಿರುವಿನಿಂದ ಮನೆಗೆ ಸರಿಯಾಗಿ ಕೇಳುತ್ತದೆ, ಎಮ್ಮೆಗಳು ತಲೆ ಎತ್ತಿ ನೋಡುವುದಿಲ್ಲ, ಕಾರು ಏರು ಹತ್ತುತ್ತದೆ. ಮನೆಯವರು ತಿಂದಿದ್ದನ್ನು ನಾನು ಕಂಡೂ ಕಾಣದವನಂತೆ ಕ್ಷಮಿಸಿದ್ದೇನೆ ಎಂಬ ಉದಾರ ಭಾವದಲ್ಲಿ ಕೆಲವು ದಿನ ತೇಲಾಡಿದೆ. ಆದರೆ ನಿಮ್ಮಿಂದ ಒಂದು ಸಂಗತಿ ಮುಚ್ಚಿಟ್ಟಿದ್ದೇನೆ. ದಿನಾ ನಾಲ್ಕು ಗಂಟೆಗೆ ಅಂಗಡಿಯಿಂದ ಎದ್ದು, ಕಂಪ್ಲಿ ಬಸ್ ನಿಲ್ದಾಣದ ಹಿಂದಿನ ಗಾಡಿಯಲ್ಲಿ ನಾನು ಎರಡು ಮಿರ್ಚಿ ತಿನ್ನುತ್ತೇನೆ. ಡಾಕ್ಟರು ಹೇಳಿದ ಮರುವಾರದಿಂದಲೂ ತಿನ್ನುತ್ತಿದ್ದೇನೆ. ಬಾಯಿಯ ವಾಸನೆ ಮನೆಯವರಿಗೆ ತಿಳಿಯಬಾರದೆಂದೇ ದಾರಿಯುದ್ದಕ್ಕೂ ಸೋಂಪು ಜಗಿಯುವುದು. ಬಾವಿಯ ತಿರುವಿನಲ್ಲಿ ಕೊನೆಯ ಹಿಡಿ ಬಾಯಿಗೆ ಹಾಕಿದರೆ ಮನೆ ಮುಟ್ಟುವಷ್ಟರಲ್ಲಿ ಎಲ್ಲ ಸ್ವಚ್ಛ. ಆ ನಾಲ್ಕು ನಿಮಿಷ ಅವರಿಗೆಷ್ಟು ಬೇಕೋ ನನಗೂ ಅಷ್ಟೇ ಬೇಕು.

ಮೊನ್ನೆ ಅದೇ ತಿರುವಿನಲ್ಲಿ ಡಬ್ಬಿಗೆ ಕೈ ಹಾಕಿದೆ. ಕಂಠದವರೆಗೆ ತುಂಬಿತ್ತು. ಹಿಂದಿನ ಸಂಜೆ ಅದರ ತಳ ಕೆರೆದದ್ದು ನನಗೆ ಚೆನ್ನಾಗಿ ನೆನಪಿತ್ತು. ಮುಚ್ಚಳ ಕೈಯಲ್ಲಿ ಹಿಡಿದುಕೊಂಡು ಕಣ್ಣು ಮುಚ್ಚಿದೆ. ಈ ಸಲ ನಿಜಕ್ಕೂ ಯೋಚಿಸಲು. ಎರಡು ವರ್ಷದಲ್ಲಿ ಆ ಡಬ್ಬಿಗೆ ನಾನು ಒಮ್ಮೆಯೂ ಸೋಂಪು ತಂದು ಹಾಕಿಲ್ಲ.